ಸಂಜೆ ಗಾಡಿಗೆ ಹೋಗುವವರು

ಮಾನಸಗಂಗೋತ್ರಿಗೆ ಸೇರಿದ ಮೊದಲ ವಾರ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆ ಒಂದೇ: 'ನೀನು ಹಾಸ್ಟೆಲ್ಲಾ, ಅಪ್ ಅಂಡ್ ಡೌನಾ?' ಯಾವ ಊರು, ಯಾವ ಕಾಲೇಜಿನಲ್ಲಿ ಡಿಗ್ರಿ, ಎಷ್ಟು ಪರ್ಸೆಂಟು ಎಂಬುದೆಲ್ಲ ಆಮೇಲಿನ ಮಾತು. 2001ರಲ್ಲಿ ಕನ್ನಡ ಎಂ.ಎ.ಗೆ ಸೇರಿದ ನಾನು ಅಪ್ ಅಂಡ್ ಡೌನಿನವಳು. ಮಂಡ್ಯ ದಾಟಿದ ಮೇಲೆ ಮೈಸೂರಿನ ದಿಕ್ಕಿಗೆ ಸಿಗುವ ಯಲಿಯೂರು ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತುವುದು, ಸಂಜೆ ಅದೇ ಹಳಿ ಹಿಡಿದು ವಾಪಸ್ಸು. ಎರಡು ವರ್ಷ ಹೀಗೇ ನಡೆಯಿತು.

ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಬಹುದಿತ್ತು. ಅಪ್ಪ ಒಪ್ಪಲಿಲ್ಲ. ಅವನು ಓದಿಗೆ ಅಡ್ಡ ಬಂದವನಲ್ಲ. ನಮ್ಮ ಕೇರಿಯಲ್ಲಿ ನನ್ನ ವಯಸ್ಸಿನ ಹುಡುಗಿಯರೆಲ್ಲ ಮದುವೆಯಾಗಿ ಹೋದ ಮೇಲೂ ನನ್ನನ್ನು ಮಂಡ್ಯದಲ್ಲಿ ಡಿಗ್ರಿ ಓದಿಸಿದವನು ಅವನೇ. ಆದರೆ ಎಂ.ಎ. ಮಾತು ಬಂದಾಗ ಹಟ್ಟಿ ಮುಂದಿನ ಜಗಲಿಯ ಮೇಲೆ ಕೂತು ಒಂದೇ ಷರತ್ತು ಹಾಕಿದ: 'ಓದು ಮಗಾ, ಬ್ಯಾಡ ಅನ್ನಕ್ಕಿಲ್ಲ. ಆದ್ರೆ ರಾತ್ರಿ ಹೊತ್ಗೆ ಮನೇಲಿರ್ಬೇಕು.' ಆ ಮಾತಿಗೆ ಎದುರಾಡುವ ಯೋಚನೆಯೇ ನನಗೆ ಬರಲಿಲ್ಲ. ರೈಲು ಇತ್ತು, ಪಾಸ್ ಇತ್ತು, ಆದ್ದರಿಂದ ಗಂಗೋತ್ರಿಯೂ ಇತ್ತು. ಹಾಸ್ಟೆಲ್ಲಿನ ಗೆಳತಿಯರು ನನ್ನನ್ನು ನೋಡಿ 'ಪಾಪ, ದಿನಾ ಎಷ್ಟು ಕಷ್ಟ' ಅನ್ನುತ್ತಿದ್ದರು. ನನಗೆ ಅದು ಕಷ್ಟಕ್ಕಿಂತ ಮೊದಲು ಪರವಾನಗಿ. ಮದ್ದೂರು, ಮಂಡ್ಯ, ಪಾಂಡವಪುರದ ಕಡೆಯಿಂದ ರೈಲಿನಲ್ಲೂ, ನಂಜನಗೂಡು, ತಿರುಮಕೂಡಲು ನರಸೀಪುರ, ಹುಣಸೂರಿನ ಕಡೆಯಿಂದ ಬಸ್ಸಿನಲ್ಲೂ ಬರುತ್ತಿದ್ದ ಹುಡುಗಿಯರಲ್ಲಿ ಹೆಚ್ಚಿನವರ ಕತೆ ಇದೇ. ರಾತ್ರಿ ಮನೆಯಲ್ಲಿರಬೇಕು ಎನ್ನುವ ಮಾತಿಗೆ ಒಪ್ಪಿಕೊಂಡೇ ನಾವು ವಿಶ್ವವಿದ್ಯಾಲಯದ ಬಾಗಿಲು ದಾಟಿದ್ದೆವು.

ಹಿಂದಿನ ತಲೆಮಾರಿನವರಿಗೆ ಈ ಹೋಗಿಬರುವ ದಾರಿಯೂ ಇರಲಿಲ್ಲ ಎನ್ನುವುದನ್ನು ನೆನೆಯಬೇಕು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅರಸರಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿ ಇದ್ದಾಗ. ಆ ಕಾಲದ ಹಳ್ಳಿ ಹುಡುಗರು ಓದಬೇಕೆಂದರೆ ಊರು ಬಿಡಬೇಕಿತ್ತು. ಮೈಸೂರಿನಲ್ಲಿ ವಾರಾನ್ನಕ್ಕೆ ಮನೆಗಳನ್ನು ಗೊತ್ತು ಮಾಡಿಕೊಂಡು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಣ್ಣಬೇಕಿತ್ತು. ಉಚಿತ ಹಾಸ್ಟೆಲ್ಲುಗಳು ಬಂದ ಮೇಲೆ ಇನ್ನಷ್ಟು ಜನ ಓದಿದರು. ಆದರೆ ಅದೆಲ್ಲ ಬಹುಮಟ್ಟಿಗೆ ಗಂಡುಹುಡುಗರ ಕತೆ. ಗದ್ದೆ ಬಯಲಿನ ಹೆಣ್ಣುಮಗಳೊಬ್ಬಳು ಬೆಳಗ್ಗೆ ಸಗಣಿ ಬಾಚಿ, ಮಧ್ಯಾಹ್ನ ಪಂಪನನ್ನು ಓದಿ, ರಾತ್ರಿ ಮನೆಗೆ ಬಂದು ಮುದ್ದೆ ತಿರುವುವುದು ಸಾಧ್ಯವಾದದ್ದು ನಮ್ಮ ಕಾಲಕ್ಕೆ.

ಪಾಸ್ ಅಂದರೆ ಸೀಸನ್ ಟಿಕೆಟ್ಟು. ವಿಭಾಗದಲ್ಲಿ ಕನ್ಸೆಷನ್ ಫಾರಂಗೆ ಸಹಿ, ಸೀಲು ಹಾಕಿಸಿಕೊಂಡು ಕೌಂಟರಿಗೆ ಕೊಟ್ಟರೆ ವಿದ್ಯಾರ್ಥಿ ದರದಲ್ಲಿ ಮೂರು ತಿಂಗಳಿಗೆ ಸಿಗುತ್ತಿತ್ತು. ಫೋಟೊ ಅಂಟಿಸಿದ ಗುರುತಿನ ಕಾರ್ಡು, ಅದರ ಜೊತೆ ಟಿಕೆಟ್ಟು, ಎರಡಕ್ಕೂ ಸೇರಿ ಒಂದು ಪ್ಲಾಸ್ಟಿಕ್ ಕವರು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಪಾಸು ಯಾವ ತಾರೀಕಿಗೆ ಮುಗಿಯುತ್ತದೆ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ನೆನಪಿರುತ್ತಿತ್ತು. ನಾಲ್ಕಕ್ಕೆಲ್ಲ ಎದ್ದು ಒಲೆ ಹಚ್ಚಿ, ಚಿತ್ರಾನ್ನವನ್ನೋ ಚಪಾತಿಯನ್ನೋ ಡಬ್ಬಿಗೆ ತುಂಬಿ, ನಾನು ಹೊಸಿಲು ದಾಟುವಾಗ ದಿನವೂ ಕೇಳುವಳು: 'ಪಾಸ್ ತಕ್ಕಂಡ್ಯಾ?' ಹುಷಾರು ಎಂಬ ಮಾತನ್ನು ಅವಳು ಹೇಳುತ್ತಿದ್ದ ಬಗೆ ಅದು.

ಹೆಂಗಸರ ಬೋಗಿಯಲ್ಲಿ ನಮ್ಮ ಜೊತೆ ಬರುತ್ತಿದ್ದವರು ಸೊಪ್ಪು, ಹೂವು, ವೀಳ್ಯದೆಲೆ ಮಾರುವವರು. ಕೊತ್ತಂಬರಿ, ದಂಟು, ಕೀರೆ, ಸಬ್ಬಸಿಗೆಯ ಕಟ್ಟುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಾಗಿಲ ಬಳಿ ಪೇರಿಸಿ, ಅದರ ಪಕ್ಕದಲ್ಲೇ ಕಾಲು ಚಾಚಿ ಕೂರುತ್ತಿದ್ದರು. ಬೋಗಿ ಪೂರಾ ಸಬ್ಬಸಿಗೆಯ ವಾಸನೆ. ಸೀಟು ಸಿಕ್ಕ ದಿನ ನಾನು ನೋಟ್ಸು ಬರೆಯುತ್ತಿದ್ದೆ, ಇಲ್ಲದ ದಿನ ಬಾಗಿಲ ಪಕ್ಕ ಒರಗಿ ಓದುತ್ತಿದ್ದೆ. ಆಗ ಬೆಂಗಳೂರು-ಮೈಸೂರು ದಾರಿಯ ನಮ್ಮ ಭಾಗದಲ್ಲಿ ಒಂಟಿ ಹಳಿ. ಎದುರಿನಿಂದ ಇನ್ನೊಂದು ಗಾಡಿ ಬರುವುದಿದ್ದರೆ ನಮ್ಮದನ್ನು ಪಾಂಡವಪುರದಲ್ಲೋ ನಾಗನಹಳ್ಳಿಯಲ್ಲೋ ಪಕ್ಕದ ಹಳಿಗೆ ಹಾಕಿ ನಿಲ್ಲಿಸುತ್ತಿದ್ದರು. ಕ್ರಾಸಿಂಗ್ ಎಂದರೆ ಹತ್ತು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಆ ನೋಟ್‌ಬುಕ್ಕುಗಳು ಇವತ್ತೂ ನನ್ನ ಬಳಿ ಇವೆ. ಅಕ್ಷರ ನೋಡಿದರೆ ಗಾಡಿ ಎಲ್ಲಿ ಓಡುತ್ತಿತ್ತು, ಎಲ್ಲಿ ನಿಂತಿತ್ತು ಎಂದು ಹೇಳಬಲ್ಲೆ. ಒತ್ತು, ಕೊಂಬುಗಳೆಲ್ಲ ಗೆರೆ ಬಿಟ್ಟು ಕುಣಿದಿದ್ದರೆ ಅದು ಬ್ಯಾಡರಹಳ್ಳಿಯ ಆಚೀಚೆ. ಇದ್ದಕ್ಕಿದ್ದಂತೆ ನಾಲ್ಕೈದು ಸಾಲು ದುಂಡಗೆ, ನೆಟ್ಟಗೆ ಇದ್ದರೆ ಪಾಂಡವಪುರದ ಕ್ರಾಸಿಂಗು. 'ಕನ್ನಡ ಛಂದಸ್ಸು' ಎಂಬ ತಲೆಬರಹದಡಿ ಷಟ್ಪದಿಯ ಲಕ್ಷಣಗಳಷ್ಟೂ ಹೀಗೆ ನಿಂತ ಗಾಡಿಯಲ್ಲಿ ಬರೆದವು, ಮಾತ್ರೆ ಎಣಿಸಿ ಹಾಕಿದ ಗೆರೆಗಳೂ ಸೇರಿ.

ಶ್ರೀರಂಗಪಟ್ಟಣ ಬಂದರೆ ಮಾತ್ರ ಪುಸ್ತಕ ಮುಚ್ಚಲೇಬೇಕು. ಊರನ್ನು ಸೇರುವಾಗ ಒಮ್ಮೆ, ಬಿಡುವಾಗ ಒಮ್ಮೆ ಗಾಡಿ ಕಾವೇರಿಯನ್ನು ದಾಟುತ್ತದೆ. ಸೇತುವೆಯ ಸದ್ದು ಶುರುವಾದ ಕೂಡಲೇ ಸೊಪ್ಪಿನವರು ಎದ್ದು ಕಿಟಕಿಗೆ ಬಂದು, ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಹೊಳೆಗೆ ಹಾಕಿ, ರಂಗನಾಥನ ಗೋಪುರದ ಕಡೆ ಕೈ ಮುಗಿಯುವರು. ಹಳಿಯ ಪಕ್ಕದಲ್ಲೇ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿತ್ತು. 2017ರಲ್ಲಿ ಜೋಡಿ ಹಳಿಗೆ ಜಾಗ ಮಾಡಲು ಸಾವಿರ ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿದರು. ನಮ್ಮ ಕಾಲದಲ್ಲಿ ಅದು ತನ್ನ ಮೊದಲಿನ ಜಾಗದಲ್ಲೇ ಇತ್ತು, ನಮ್ಮ ಗಾಡಿ ಅದನ್ನು ಬಳಸಿಕೊಂಡು ಹೋಗುತ್ತಿತ್ತು.

ಆ ಬೋಗಿಯಲ್ಲಿ ನಡೆದ ಒಂದು ಬೆಳಗನ್ನು ಹೇಳಬೇಕು. ಕುಮಾರವ್ಯಾಸನ ಉದ್ಯೋಗಪರ್ವ ಪಠ್ಯಕ್ಕಿತ್ತು. ಪದ್ಯಗಳನ್ನು ಬಾಯಲ್ಲೇ ಗುಣುಗುಣು ಓದಿಕೊಳ್ಳುತ್ತಿದ್ದೆ. ದಂಟಿನ ಸೊಪ್ಪಿನ ಅಜ್ಜಿಯೊಬ್ಬಳು, 'ಜೋರಾಗಿ ಓದವ್ವ, ನಾವೂ ಕೇಳ್ತೀವಿ' ಅಂದಳು. ಓದಿದೆ. ಅರ್ಥ ಹೇಳಬೇಕಾಗಿ ಬರಲಿಲ್ಲ. ಕರ್ಣನ ಹೆಸರು ಬಂದದ್ದೇ ತಡ, ಕತೆ ಅವರದೇ ಆಯಿತು. ಕೃಷ್ಣ ಬಂದು ಕರ್ಣನಿಗೆ ಜನ್ಮದ ಗುಟ್ಟು ಹೇಳಿದ್ದು, ಆಮೇಲೆ ಕುಂತಿ ಬಂದು ಬೇಡಿದ್ದು, ಅವನು ಮಾತು ಕೊಟ್ಟಿದ್ದು ಎಲ್ಲವನ್ನೂ ಅವರು ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತ ಹೇಳಿದರು. ಕೊನೆಗೆ ಆ ಅಜ್ಜಿ ಅಂದಳು: 'ಹೆತ್ತಾಗ ನೀರ್ಗೆ ಬುಟ್ಳು. ಯುದ್ಧ ಬಂದಾಗ ಮಗಾ ಅಂತ ಬಂದ್ಲು. ಬೆಳೆ ಒಣಗ್ದಾಗ ನಾಲೆ ಏರಿ ಹತ್ತೋರಂಗೆ. ಆದ್ರೂ ಅವ್ನು ಮಾತ್ ಕೊಟ್ಟ ನೋಡು. ತಾಯಿ ತಾಯಿ ಆಗ್ದಿದ್ರೂ ಮಗ ಮಗ ಆದ.' ನಾನು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಯಾರ ಮುಂದಾದರೂ ಹೇಳಬೇಕು ಅನ್ನಿಸಿತು. ಅದನ್ನು ಹೇಳಲು ತಿಂಗಳುಗಟ್ಟಲೆ ಜಾಗ ಸಿಗಲಿಲ್ಲ.

ಮೈಸೂರು ಸ್ಟೇಷನ್ನಿಂದ ಗಂಗೋತ್ರಿಗೆ ನಡೆದೇ ಹೋಗುತ್ತಿದ್ದೆವು. ಮೆಟ್ರೊಪೋಲ್ ಸರ್ಕಲ್ಲು, ಅಲ್ಲಿಂದ ಹುಣಸೂರು ರಸ್ತೆ, ಕಲಾಮಂದಿರ, ಮುಂದೆ ಗಂಗೋತ್ರಿಯ ಗೇಟು. ಬಿಸಿಲಿಲ್ಲದ ದಿನ ಅದು ಬಹಳ ಸೊಗಸಾದ ದಾರಿ. ಕಲಾಮಂದಿರದ ಆವರಣದಲ್ಲೇ ರಂಗಾಯಣ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರೆಪರ್ಟರಿ. ಇವತ್ತು ಯಾವ ನಾಟಕ, ಎಷ್ಟು ಗಂಟೆಗೆ ಎಂದು ಬರೆದ ಬೋರ್ಡನ್ನು ನಾನು ದಿನಾ ನಿಂತು ಓದುತ್ತಿದ್ದೆ. ನಾಟಕ ಶುರುವಾಗುವ ಹೊತ್ತಿಗೆ ನಾನು ಊರಲ್ಲಿ, ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ನಾಲೆ ಏರಿಯಲ್ಲಿ. ಎರಡು ವರ್ಷ ರಂಗಾಯಣದ ಎದುರು ನಡೆದೂ ಅಲ್ಲಿ ಒಂದು ನಾಟಕ ನೋಡಲಿಲ್ಲ ಎಂದರೆ ಇವತ್ತಿನ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಬೋರ್ಡಿನ ಮೇಲಿನ ನಾಟಕಗಳ ಹೆಸರುಗಳು ಮಾತ್ರ ಬಾಯಿಪಾಠ.

ಮಾನಸಗಂಗೋತ್ರಿ ದೊಡ್ಡದು. ಸ್ನಾತಕೋತ್ತರ ವಿಭಾಗಗಳೆಲ್ಲ ಒಂದೇ ಕಡೆ ಇರಬೇಕೆಂದು, ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ, ವೈಸ್ ಚಾನ್ಸಲರ್ ಆಗಿದ್ದ ಕುವೆಂಪು ಅವರ ಕಾಲದಲ್ಲಿ, 1960ರಲ್ಲಿ ಶುರುವಾದ ಜಾಗ, ಹೆಸರಿಟ್ಟವರೂ ಅವರೇ. ಏಳುನೂರು ಎಕರೆಗೂ ಮೇಲೆ. ನಮ್ಮ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿಂದ ಲೈಬ್ರರಿಗೆ, ಲೈಬ್ರರಿಯಿಂದ ಕ್ಯಾಂಟೀನಿಗೆ, ಅಲ್ಲಿಂದ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ಎಲ್ಲ ನಡಿಗೆಯೇ. ಮಧ್ಯಾಹ್ನ ಡಬ್ಬಿ ಮುಗಿಸಿ ಕೆರೆಯ ಏರಿಗೆ ಹೋದರೆ ಹೆಜ್ಜಾರ್ಲೆಗಳು ನೀರಿನ ಮೇಲೆ ತೇಲುತ್ತಿರುತ್ತಿದ್ದವು. ನಮ್ಮ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮರದ ಮೇಲೆ ಗೂಡು ಕಟ್ಟುವ ಹಕ್ಕಿ ಇದೇ. ಅವನ್ನು ಇಲ್ಲಿ ನೋಡಿದಾಗಲೆಲ್ಲ ನಮ್ಮ ಕಡೆಯವರು ಸಿಕ್ಕಷ್ಟು ಖುಷಿ.

ಆದರೆ ಕ್ಲಾಸಿನಲ್ಲಿ ನಾನು ಮಾತಾಡುತ್ತಿರಲಿಲ್ಲ. ಡಿಗ್ರಿಯಲ್ಲಿ ಎಲ್ಲದಕ್ಕೂ ಕೈ ಎತ್ತುತ್ತಿದ್ದವಳು ಇಲ್ಲಿ ಸುಮ್ಮನಾದೆ. ಮೇಷ್ಟ್ರುಗಳು ಒಳ್ಳೆಯವರು, ಕೇಳಿದರೆ ಸಮಾಧಾನವಾಗಿ ಹೇಳುವವರು. ಆದರೂ ಏನೋ ಅಡ್ಡಿ. ಹಾಸ್ಟೆಲ್ಲಿನವರು ಎದ್ದು ನಿಂತು ಕೇಳುವ ಪ್ರಶ್ನೆಗಳು ನನ್ನ ಪ್ರಶ್ನೆಗಳಿಗಿಂತ ಒಂದು ಹೆಜ್ಜೆ ಮುಂದೆ ಇರುತ್ತಿದ್ದವು. ನಾನು ಯೋಚಿಸಲು ಶುರುಮಾಡುವ ಹೊತ್ತಿಗೆ ಅವರು ಯೋಚನೆ ಮುಗಿಸಿರುತ್ತಿದ್ದರು. ಅವರು ನನಗಿಂತ ಜಾಣರು ಎಂದು ಒಂದು ವರ್ಷ ನಂಬಿದ್ದೆ. ಗಡಿಯಾರದಲ್ಲಿ ನಾಲ್ಕಾದ ಕೂಡಲೇ ಚೀಲ ಹೆಗಲಿಗೇರಿಸುವುದು ನನ್ನ ಕೆಲಸ. ಗಾಡಿ ಐದರ ಮೇಲೆ. ಅಷ್ಟರಲ್ಲಿ ಅಲ್ಲಿ ಉಪನ್ಯಾಸವಿರಲಿ, ಕವಿಗೋಷ್ಠಿಯಿರಲಿ, ಬಯಲು ರಂಗಮಂದಿರದಲ್ಲಿ ಹಾಡಿನ ತಾಲೀಮಿರಲಿ, ನಾನು ಹಿಂಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು ಪೀಠಿಕೆ ಕೇಳಿ ಎದ್ದುಬಿಡಬೇಕು. ಎಷ್ಟೋ ದೊಡ್ಡವರ ಮಾತಿನ ಮೊದಲ ಹದಿನೈದು ನಿಮಿಷ ಮಾತ್ರ ನನ್ನ ಪಾಲಿಗೆ ಬಂತು. ಆಯೋಜಿಸಿದವರ ತಪ್ಪೇನೂ ಇಲ್ಲ. ಕ್ಲಾಸು ಮುಗಿದ ಮೇಲೇ ತಾನೇ ಕಾರ್ಯಕ್ರಮ ಇಡುವುದು.

2002ರ ಮುಂಗಾರು ಕೈ ಕೊಟ್ಟಿತು. ಕೆ.ಆರ್.ಎಸ್. ತುಂಬಲಿಲ್ಲ, ವಿ.ಸಿ. ನಾಲೆಯಲ್ಲಿ ನೀರಿಲ್ಲ, ನಮ್ಮ ಕಬ್ಬು ನಿಂತಲ್ಲೇ ಒಣಗಿತು. ಅದರ ಮೇಲೆ ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ. ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಮಂಡ್ಯ ಜಿಲ್ಲೆ ರಸ್ತೆಯ ಮೇಲಿತ್ತು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಮ್ಮ ಜಿಲ್ಲೆಯವರೇ; ಬೆಂಗಳೂರಿನಿಂದ ಮಂಡ್ಯದ ಕಡೆಗೆ ಅವರು ಪಾದಯಾತ್ರೆ ಹೊರಟದ್ದು ಆಗಲೇ. ಒಂದು ದಿನ ಬೆಳಗ್ಗೆ ಎಂದಿನಂತೆ ಗಾಡಿಗೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಮೈಸೂರಿನಲ್ಲಿ ಸುದ್ದಿ: ಹೆದ್ದಾರಿ ಬಂದ್, ಮಂಡ್ಯದ ಹತ್ತಿರ ಜನ ಹಳಿಯ ಮೇಲೆ ಕೂತಿದ್ದಾರೆ, ಸಂಜೆ ಗಾಡಿ ಹೋಗುವುದಿಲ್ಲ. ನಮ್ಮೂರಿನ ಅಂಗಡಿಯ ಫೋನಿಗೆ ಎಸ್.ಟಿ.ಡಿ. ಬೂತಿನಿಂದ ಮಾಡಿದೆ. ಅಂಗಡಿಯ ಮಾವ ಅಂದರು: 'ನಿಮ್ಮಪ್ಪನೂ ಅಲ್ಲೇ ಹಳಿ ಮ್ಯಾಲೇ ಕುಂತವ್ನೆ ಕಣವ್ವ. ನೀನು ಅಲ್ಲೇ ಯಾರ ಮನೇಲಾದ್ರೂ ಉಳ್ಕೊ, ನಾನು ಯೋಳ್ತೀನಿ.'

ಚಳ್ಳಕೆರೆ ಕಡೆಯ ನನ್ನ ಸಹಪಾಠಿ ವಾರ್ಡನ್ನರ ಹತ್ತಿರ ಮಾತಾಡಿ ತನ್ನ ರೂಮಿಗೆ ಕರೆದುಕೊಂಡು ಹೋದಳು. ಹೀಗೆ ನನ್ನ ಅಪ್ಪನೇ ಗಾಡಿ ನಿಲ್ಲಿಸಿದ ರಾತ್ರಿಗಳಲ್ಲಿ ನಾನು ಹಾಸ್ಟೆಲ್ ನೋಡಿದೆ.

ಸಂಜೆ ಆರೂವರೆಗೆ ಬೆಲ್ಲು. ಬಕೆಟ್ ಹಿಡಿದು ನೀರಿಗೆ ಸಾಲು. ಎಂಟಕ್ಕೆ ಮೆಸ್ಸಿನಲ್ಲಿ ಚಪಾತಿ, ಅನ್ನ, ಸಾರು. ಆಮೇಲೆ ಎಲ್ಲರೂ ತಟ್ಟೆ ತೊಳೆದಿಟ್ಟು ವರಾಂಡದ ಮೆಟ್ಟಿಲ ಮೇಲೆ ಬಂದು ಕೂತರು. ಯಾರೂ ಕರೆದದ್ದಲ್ಲ, ದಿನಾ ಹಾಗೇ ಕೂರುತ್ತಾರಂತೆ. ಒಬ್ಬಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೆ, ಇನ್ನೊಬ್ಬಳ ತೊಡೆಯ ಮೇಲೆ ಒಣಗಿದ ಬಟ್ಟೆಯ ರಾಶಿ. ಮಾತು ಮೊದಲು ಕಾರಂತರ ಮೇಲೆ ಬಂತು. ಅವರು ತೀರಿಕೊಂಡು ತಿಂಗಳಾಗಿತ್ತಷ್ಟೇ. ರಂಗಾಯಣದಲ್ಲಿ ತಾನು ನೋಡಿದ ನಾಟಕದ ಹಾಡನ್ನು ಒಬ್ಬಳು ಮೇಜು ಕುಟ್ಟಿಕೊಂಡು ಹಾಡಿದಳು. ಅಲ್ಲಿಂದ ಮಾತು ಹೇಗೋ ಬೆಳಗಿನ ಕ್ಲಾಸಿಗೆ ಹೊರಳಿತು. ಪಂಪ ಅರ್ಜುನನನ್ನು ನಾಯಕ ಮಾಡಿ ಬರೆದ, ಆದರೆ ಅವನ ಮನಸ್ಸು ಕರ್ಣನ ಮೇಲೇ ಇತ್ತಲ್ಲ, ಯಾಕೆ? ಅರಿಕೇಸರಿಯ ಆಸ್ಥಾನದಲ್ಲಿ ಕೂತ ಕವಿಗೆ ಆ ಧೈರ್ಯ ಎಲ್ಲಿಂದ ಬಂತು? ಕುಮಾರವ್ಯಾಸನಿಗೆ ಕೃಷ್ಣನೇ ಎಲ್ಲ ಎಂದರೆ ಕರ್ಣ ಯಾರು? ಒಬ್ಬಳು ಹೇಳಿದ್ದನ್ನು ಇನ್ನೊಬ್ಬಳು ಕಡಿದು ಹಾಕುವಳು, ಮೂರನೆಯವಳು ರೂಮಿಗೆ ಓಡಿ ಪುಸ್ತಕ ತಂದು ಪದ್ಯ ತೋರಿಸುವಳು. ಹತ್ತಾಯಿತು, ಹನ್ನೊಂದಾಯಿತು.

ನನಗೆ ಅಲ್ಲಿ ಗೊತ್ತಾಯಿತು. ಇವರು ಬೆಳಗ್ಗೆ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಗಳು ಹುಟ್ಟುವುದು ಈ ಮೆಟ್ಟಿಲ ಮೇಲೆ. ರಾತ್ರಿ ಜಗಳವಾಡಿ, ಅರ್ಧಕ್ಕೆ ಬಿಟ್ಟು ಮಲಗಿದ ಮಾತನ್ನೇ ಬೆಳಗ್ಗೆ ಮೇಷ್ಟ್ರ ಮುಂದೆ ಎತ್ತುತ್ತಾರೆ. ಕ್ಲಾಸು ಎಂದು ನಾನು ತಿಳಿದದ್ದು ನಿಜವಾದ ಕ್ಲಾಸಿನ ಅರ್ಧ. ಇನ್ನರ್ಧ ನಡೆಯುವ ಹೊತ್ತಿಗೆ ನಾನು ದಿನಾ ನಾಗನಹಳ್ಳಿಯಲ್ಲಿ ಟಿಪ್ಪು ಎಕ್ಸ್‌ಪ್ರೆಸ್ಸಿನ ಕ್ರಾಸಿಂಗಿಗೆ ಕಾದು, ಊರು ಮುಟ್ಟಿ, ಉಂಡು ಮಲಗಿರುತ್ತಿದ್ದೆ. ಬುದ್ಧಿಯಲ್ಲಿ ನಾನು ಹಿಂದಿರಲಿಲ್ಲ. ಮಾತಾಡಲು ಜನ ಇರಲಿಲ್ಲ, ಅಷ್ಟೇ. ಆ ರಾತ್ರಿ ನಾನು ಬಾಯಿ ಬಿಟ್ಟೆ. ಸೊಪ್ಪಿನ ಅಜ್ಜಿ ಕುಂತಿಯ ಬಗ್ಗೆ ಅಂದ ಮಾತನ್ನು ಅವಳ ಧಾಟಿಯಲ್ಲೇ ಹೇಳಿದೆ. ಮೆಟ್ಟಿಲ ಮೇಲೆ ಯಾರೂ ಮಾತಾಡಲಿಲ್ಲ. ಆಮೇಲೆ ಚಳ್ಳಕೆರೆಯವಳು, 'ಇನ್ನೊಂದ್ಸಲ ಹೇಳೇ' ಎಂದು ಪೆನ್ನು ತೆಗೆದುಕೊಂಡಳು. 'ತಾಯಿ ಆಗದಿದ್ದರೂ ಮಗ ಮಗ ಆದ' ಎನ್ನುವ ಆ ಮಾತಿನ ಮೇಲೆ ಮಧ್ಯರಾತ್ರಿಯ ತನಕ ವಾದ ನಡೆಯಿತು. ಕುಂತಿಯ ಪರ ಮಾತಾಡಿದವರೂ ಇದ್ದರು. ಮದುವೆಯಾಗದ ಹುಡುಗಿ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗಬೇಕಿತ್ತು ಎಂದು ಒಬ್ಬಳು ಅಳುವ ದನಿಯಲ್ಲಿ ಕೇಳಿದಳು. ಯಾರಿಗೂ ಉತ್ತರ ಇರಲಿಲ್ಲ.

ಹಾಸಿಗೆಯ ಮೇಲೆ ಬಿದ್ದಾಗ ನಿದ್ದೆ ಬರಲಿಲ್ಲ. ಅಷ್ಟು ಸಂತೋಷ. ಅದೇ ಹೊತ್ತಿಗೆ ಅಪ್ಪ ಎಲ್ಲೋ ಜಲ್ಲಿಕಲ್ಲಿನ ಮೇಲೆ ಟವಲು ಹಾಸಿ ಕೂತಿದ್ದಾನೆ, ಒಣಗಿದ ಕಬ್ಬಿನ ಸಾಲ ತಲೆ ಮೇಲಿದೆ ಎನ್ನುವುದೂ ನೆನಪಿತ್ತು. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಾನು ಆ ಹಾಸ್ಟೆಲ್ಲಿನಲ್ಲಿ ಇನ್ನೂ ಕೆಲವು ರಾತ್ರಿ ಕಳೆದೆ. ಗಾಡಿ ಮತ್ತೆ ಶುರುವಾದಾಗ ಮನೆಗೆ ಹೋಗುವ ಆತುರ ಒಂದು ಕಡೆ, ಹೋಗಲು ಮನಸ್ಸಿಲ್ಲದ್ದು ಇನ್ನೊಂದು ಕಡೆ. ಅಪ್ಪ ಸ್ಟೇಷನ್ನಿನಲ್ಲಿ ಸೈಕಲ್ ಹಿಡಿದು ನಿಂತಿದ್ದ. ಬಿಸಿಲಿಗೆ ಮುಖ ಕರಿಕಟ್ಟಿತ್ತು. 'ಉಂಡ್ಯಾ ಅಲ್ಲಿ? ಜೊತೇಲಿದ್ದೋರು ಒಳ್ಳೇರಾ?' ಎಂದಷ್ಟೇ ಕೇಳಿದ.

ಆಮೇಲೆ ನಾನು ಹಾಸ್ಟೆಲ್ಲಿಗೆ ಹೋಗಲಿಲ್ಲ. ಆ ವರ್ಷ ಮನೆಯಲ್ಲಿ ಹಣವೂ ಇರಲಿಲ್ಲ, ಕೇಳುವ ಮನಸ್ಸೂ ಆಗಲಿಲ್ಲ. ಬದಲಿಗೆ ಮಧ್ಯಾಹ್ನದ ಊಟದ ಹೊತ್ತನ್ನು ಹಿಡಿದುಕೊಂಡೆ. ಚಳ್ಳಕೆರೆಯವಳು ಮೆಸ್ಸಿನ ಊಟ ಬೇಗ ಮುಗಿಸಿ ಕೆರೆಯ ಏರಿಗೆ ಬರುವಳು, ನಾನು ಡಬ್ಬಿ ತರುವೆ. ರಾತ್ರಿ ಏನು ಮಾತಾಯಿತು ಎಂದು ಅವಳು ಹೇಳಬೇಕು, ಗಾಡಿಯಲ್ಲಿ ಏನು ಕೇಳಿದೆ ಎಂದು ನಾನು ಹೇಳಬೇಕು. ಪಾಂಡವಪುರದಿಂದ ಹತ್ತುತ್ತಿದ್ದ ಅರ್ಥಶಾಸ್ತ್ರದ ಹುಡುಗಿಯೊಬ್ಬಳು, ಶ್ರೀರಂಗಪಟ್ಟಣದ ಸಸ್ಯಶಾಸ್ತ್ರದವಳೊಬ್ಬಳು ಸೇರಿಕೊಂಡರು. ಕಬ್ಬಿನ ಬೆಲೆ ಯಾರು ಕಟ್ಟುತ್ತಾರೆ ಎನ್ನುವುದನ್ನು ನಾನು ಕಲಿತದ್ದು ಆ ಅರ್ಥಶಾಸ್ತ್ರದವಳಿಂದ, ಮನೆಯಲ್ಲಿ ದಿನಾ ಆ ಮಾತು ಕೇಳುತ್ತಲೇ ಬೆಳೆದಿದ್ದರೂ. ಎರಡನೇ ವರ್ಷದ ಸೆಮಿನಾರಿಗೆ ನಾನು ಕುಂತಿಯನ್ನೇ ತೆಗೆದುಕೊಂಡೆ. ಮೇಷ್ಟ್ರು ಮುಗಿಯುವ ತನಕ ಕೇಳಿ, 'ಈ ಅಜ್ಜಿ ಎಲ್ಲಿ ಸಿಗ್ತಾರಮ್ಮ?' ಎಂದರು. 'ಬೆಳಗಿನ ಪ್ಯಾಸೆಂಜರಲ್ಲಿ, ಸಾರ್' ಎಂದೆ.

ಈಗ ನಾನೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೈಸೂರು ದಾರಿಯಲ್ಲಿ ಈಗ ಜೋಡಿ ಹಳಿ, ಮೇಲೆ ಕರೆಂಟಿನ ತಂತಿ, ಮೆಮು ಗಾಡಿ. ಕ್ರಾಸಿಂಗಿಗೆ ಕಾದು ಕೂರುವುದು ಬಹುಮಟ್ಟಿಗೆ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಪಾಸಿನ ದುಡ್ಡಿಗೂ ಮನೆಯಲ್ಲಿ ಕೈ ಚಾಚಬೇಕಾದ ಹುಡುಗಿಯರಿಗೆ ಇದು ಎಷ್ಟು ದೊಡ್ಡ ಮಾತು ಎನ್ನುವುದು ಅದನ್ನು ಅನುಭವಿಸಿದವರಿಗೆ ಗೊತ್ತು. ನನ್ನ ಕ್ಲಾಸಿನ ಹುಡುಗಿಯರು ಈಗ ಪದವಿ ಮುಗಿಸಿ ಮೈಸೂರಿಗೆ ಎಂ.ಎ., ಎಂ.ಎಸ್ಸಿ.ಗೆ ಹೋಗುವ ಮಾತನ್ನು ಸಲೀಸಾಗಿ ಆಡುತ್ತಾರೆ. ದೂರದ ತೊಡಕು ಸಡಿಲವಾಗಿದೆ. ಸಂಜೆಯ ತೊಡಕು ಹಾಗೇ ಇದೆ. ಕೊನೆಯ ಬಸ್ಸು ಇನ್ನೂ ಕೊನೆಯ ಬಸ್ಸೇ, ರಾತ್ರಿ ಮನೆಯಲ್ಲಿರಬೇಕು ಎನ್ನುವ ಅಪ್ಪಂದಿರೂ ಇದ್ದಾರೆ.

ನಮ್ಮ ನಾಡಿನ ದೊಡ್ಡ ವಿಶ್ವವಿದ್ಯಾಲಯಗಳು ಈ ಮಕ್ಕಳಿಗಾಗಿ ಹೊತ್ತನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು ಎಂದು ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತೇನೆ. ಒಳ್ಳೆಯ ಉಪನ್ಯಾಸವನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಡಿ. ನಾಟಕದ ಒಂದು ಪ್ರದರ್ಶನ ಹಗಲು ಆಗಲಿ. ಊಟದ ಡಬ್ಬಿ ಬಿಚ್ಚಲು, ಪುಸ್ತಕ ಇಟ್ಟು ಹೋಗಲು, ಕೂತು ಹರಟೆ ಹೊಡೆಯಲು ಹೊರಗಿನಿಂದ ಬರುವವರಿಗೆ ಒಂದು ಕೋಣೆ ಕೊಡಿ. ಹರಟೆಯ ಕೋಣೆ ಎಂದಾಗ ಕೆಲವರು ನಗುತ್ತಾರೆ. ನಾನು ಅದನ್ನೇ ಮುಖ್ಯ ಅನ್ನುತ್ತೇನೆ, ಹಾಸ್ಟೆಲ್ಲಿನ ಆ ಮೆಟ್ಟಿಲುಗಳನ್ನು ನೋಡಿದ್ದರಿಂದ. ನಮ್ಮ ಕಾಲೇಜಿನಲ್ಲಿ ಸಾಹಿತ್ಯ ಸಂಘ ಬುಧವಾರ ಊಟಕ್ಕೆ ಮುಂಚೆ ಸೇರುತ್ತದೆ. ಯಾರೂ ಬಸ್ಸಿಗೆಂದು ಅರ್ಧಕ್ಕೆ ಎದ್ದು ಹೋಗುವುದಿಲ್ಲ.

ರಂಗಾಯಣದ ನಾಟಕ ನಾನು ನೋಡಿದ್ದು 2010ರಲ್ಲಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ ನಡೆಯುವ ನಾಟಕ ಮಾಡಿದ್ದರು, ಸುಮಾರು ಒಂಬತ್ತು ಗಂಟೆಯದು. ರಾತ್ರಿ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುತ್ತದೆ, ಅಂದರೆ ಕೊನೆಯ ಗಾಡಿಯ ಚಿಂತೆ ಇಲ್ಲ, ಬೆಳಗಿನ ಮೊದಲ ಗಾಡಿಗೆ ಹೊರಟರಾಯಿತು. ಅಪ್ಪನನ್ನೂ ಕರೆದುಕೊಂಡು ಹೋದೆ. ಅವನು ನಾಟಕ ಎಂದರೆ ಊರಿನ ಕುರುಕ್ಷೇತ್ರ ನಾಟಕ ಕಂಡವನು. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನ ಎದ್ದು ಹೋಗುವಾಗ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮುಂದೆ ಹೋಗಿ ಜಾಗ ಹಿಡಿಯುತ್ತಿದ್ದ. ನಾಯಿಗುತ್ತಿ ತನ್ನ ಹುಲಿಯನ ಜೊತೆ ಬಂದಾಗಲೆಲ್ಲ ನನ್ನ ಕೈ ಅಲುಗಿಸಿ, 'ನೋಡ್ದಾ, ನೋಡ್ದಾ' ಅನ್ನುವನು. ಒಂದು ಗಳಿಗೆ ತೂಕಡಿಸಲಿಲ್ಲ.

ಬೆಳಕು ಹರಿಯುವಾಗ ಹುಣಸೂರು ರಸ್ತೆಯಲ್ಲಿ ನಿಂತು ಟೀ ಕುಡಿಯುತ್ತ ಅಪ್ಪ ಕೇಳಿದ: 'ನೀನು ಓದೋವಾಗ್ಲೂ ಇಂಥವು ಇಲ್ಲಿ ಆಯ್ತಿದ್ವಾ?'

'ಆಯ್ತಿದ್ವು ಅಪ್ಪ.'

'ಮತ್ತೆ ನೀನು ಯೋಳ್ನೇ ಇಲ್ಲ.'

ಹೇಳಿದ್ದರೂ 2001ರಲ್ಲಿ ಅವನು ಉಳಿದುಕೊಂಡು ಬಾ ಅನ್ನುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಅವನ ಲೋಟ ಇಸಿದುಕೊಂಡು ದುಡ್ಡು ಕೊಟ್ಟೆ, ಇಬ್ಬರೂ ಸ್ಟೇಷನ್ನಿನ ಕಡೆ ನಡೆದೆವು. ಅಣ್ಣನ ಮಗಳು ಈಗ ಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸೇರುವಾಗ ಅವಳಪ್ಪ 'ಗಾಡಿ ಐತಲ್ಲ, ಅಪ್ ಅಂಡ್ ಡೌನ್ ಮಾಡ್ಲಿ' ಎಂದಾಗ, ಕೋಲು ಹಿಡಿದು ಓಡಾಡುವ ವಯಸ್ಸಿನ ಅಪ್ಪ ತಾನೇ ಮೈಸೂರಿಗೆ ಹೋಗಿ, ಹಾಸ್ಟೆಲ್ಲಿಗೆ ಅವಳ ಟ್ರಂಕು ಇಳಿಸಿ ಬಂದ.